ಹ್ಯಾಂಗರ್‌ನ ಎದೆ

ಡಬ್ಬಿಯನ್ನು ಯಾರೋ ಮುಟ್ಟಿರಬೇಕು. ಹ್ಯಾಂಗರ್ ಅದನ್ನು ಮಂಚದ ಕೆಳಗಿನಿಂದ ಎಳೆದು ನೋಡಿದ. ಪುಡಿ ತಾನು ಗುರುತು ಹಾಕಿದ್ದ ಪೆನ್ಸಿಲ್ ಗೆರೆಗೆ ಸರಿಯಾಗಿಯೇ ಇತ್ತು. ಬೆರಳಿಗೆ ಹಚ್ಚಿ ನೆಕ್ಕಿದ. ಅದೇ ಕಹಿ. ಸದ್ಯ, ಹೆಂಡತಿ ಮೈದಾ ತುಂಬಿಟ್ಟಿರಲಿಲ್ಲ.

ಹೋಟೆಲೊಂದರ ಬಾಗಿಲಲ್ಲಿ ನಿಂತು ಬಂದವರಿಗೆ ಸಲಾಮು ಹೊಡೆಯುವ ಕೆಲಸ ಅವನದು. ಹೋಟೆಲಿನವರು ಕೊಟ್ಟ ಕೆಂಪು ಕೋಟು ಮೈಮೇಲೆ ಜೋತಾಡುತ್ತಿತ್ತು. ಅದಕ್ಕೇ ಜೊತೆಯವರು ಹ್ಯಾಂಗರ್ ಎಂದು ಹೆಸರಿಟ್ಟಿದ್ದರು. ಆ ಹೆಸರು ಕಳಚಿಕೊಳ್ಳಲೆಂದೇ ಮೈಕಟ್ಟು ಬೆಳೆಸುವ ಅಮೈನೋ ಆಮ್ಲದ ಪುಡಿ ತಂದಿದ್ದ. ಡಬ್ಬಿಯ ಮೇಲೆ ಒಂದು ಚಮಚ ಎಂದಿದ್ದರೆ ಇವನು ಮೂರು ಹಾಕಿ ಕಲಕುತ್ತಿದ್ದ.

ಎದೆಗಿಂತ ಮೊದಲು ಹೊಟ್ಟೆ ಉಬ್ಬಿತು. ಹಿಂದೆಯೇ ವಾಕರಿಕೆ, ತಲೆನೋವು, ಭೇದಿ. ರಜೆ ಹಾಕಿ ಕಕ್ಕಸಿನ ಬಾಗಿಲು ಕಾಯುವಂತಾಯಿತು.

"ಮೊದಲು ಪುಡಿ ನಿಲ್ಸಿ. ಹೀಗೆ ಮಿತಿಮೀರಿ ಕುಡಿದ್ರೆ ಕಿಡ್ನಿಗೂ ತೊಂದ್ರೆ ಆಗಬಹುದು," ಎಂದಿದ್ದರು ಡಾಕ್ಟರು.

ಹೆಂಡತಿ ಊರವರ ಬಟ್ಟೆ ಹೊಲಿಯುವವಳು. ಅವತ್ತು ಮಿಷನ್ನಿಗೆ ತಲೆಯಾನಿಸಿ ಅತ್ತಿದ್ದಳು. "ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಆದರೂ ಅವನು ಹಟ ಬಿಡಲಿಲ್ಲ. "ಆ ನೀಲಿ ಅಂಗಿ ಗುಂಡಿ ಎದೆ ಮೇಲೆ ಹಾಕೋಕೆ ಆಗದ ದಿನ ನಿಲ್ಲಿಸ್ತೀನಿ. ನಿನ್ನಾಣೆ."

"ನನ್ನಾಣೆ ತಾನೇ?" ಎಂದು ಕಣ್ಣೊರೆಸಿಕೊಂಡು ಎದ್ದಿದ್ದಳು. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನವೇ ಅವನಿಗೆ ಅನುಮಾನ ಹುಟ್ಟಿಸಿತ್ತು.

ಈಗ ಡಬ್ಬಿಯನ್ನು ಒಳಕ್ಕೆ ತಳ್ಳಿ, ಮಡಿಸಿಟ್ಟಿದ್ದ ನೀಲಿ ಅಂಗಿ ತೊಟ್ಟ. ಗುಂಡಿ ಕಾಜದ ಹತ್ತಿರಕ್ಕೂ ಬರಲಿಲ್ಲ. ಉಸಿರು ಬಿಗಿಹಿಡಿದು ಎಳೆದ. ಗುಂಡಿ ಕಿತ್ತುಹೋಗಿ ಗೋಡೆಗೆ ಬಡಿಯಿತು. ಬಿಳಿ ಅಂಗಿ, ಚೌಕುಳಿ ಅಂಗಿ, ಎಲ್ಲದರ ಪಾಡೂ ಅದೇ.

"ನೋಡಿದ್ಯಾ ನನ್ನ ಎದೆ?"

"ಅಳತೆ ತಗೊಳ್ಳೋಳು ನಾನು. ನನಗೆ ಗೊತ್ತಾಗಲ್ವಾ?" ಎಂದಳು ಹೆಂಡತಿ. "ಆಣೆ ನೆನಪಿದೆಯಲ್ಲ?"

ಗೆದ್ದವನ ಗತ್ತಿನಲ್ಲಿ ಪುಡಿಯನ್ನೆಲ್ಲ ಮೋರಿಗೆ ಸುರಿದ.

ಪುಡಿ ನಿಂತಿದ್ದೇ ತಡ, ಹೊಟ್ಟೆ ಸುಮ್ಮನಾಯಿತು. ಬಿಳಿ ಅಂಗಿಯನ್ನೇ ಗುಂಡಿ ಬಿಟ್ಟು ತೊಟ್ಟು, ಎದೆಯುಬ್ಬಿಸಿ ಕೆಲಸಕ್ಕೆ ಹೋದ. ಹೋಟೆಲಿನಲ್ಲಿ ಗೂಟಕ್ಕೆ ನೇತುಹಾಕಿದ್ದ ಕೆಂಪು ಕೋಟು ಹಾಕಿಕೊಂಡ. ಒಳಗೆ ಇನ್ನೊಬ್ಬ ಬಾಡಿಗೆಗೆ ಇರುವಷ್ಟು ಜಾಗವಿತ್ತು.

"ಬಂದ್ಯಾ ಹ್ಯಾಂಗರ್?" ಎಂದ ಲಿಫ್ಟಿನವನು.

ತಲೆ ಕೆರೆದುಕೊಳ್ಳುತ್ತಲೇ ಊಟಕ್ಕೆ ಮನೆಗೆ ಬಂದ. ಹೆಂಡತಿಯ ಮಡಿಲಲ್ಲಿ ನೀಲಿ ಅಂಗಿ, ಕೈಯಲ್ಲಿ ಬ್ಲೇಡು.

"ಮೈಮೇಲಿರೋದನ್ನೂ ಕೊಡಿ," ಎಂದಳು ತಲೆಯೆತ್ತದೆ. "ನಾನು ಬಿಗಿ ಮಾಡೋಕೆ ಪಕ್ಕಕ್ಕೆ ಹಾಕಿದ್ದ ಹೊಲಿಗೆ ಅದೊಂದರಲ್ಲೇ ಬಿಚ್ಚೋದು ಬಾಕಿ."