ಪುಕ್ಕಟೆ ಸಲಹೆ

ಈ ಸಲ ಆ ಮನುಷ್ಯ ಪೆಟ್ಟಿಗೆಯನ್ನೇ ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದ.

ಪೆಟ್ಟಿಗೆಯ ಮೇಲೆ ಯಾವ ಕಂಪನಿಯ ಹೆಸರಿದೆ ಎಂಬುದು ಆರ್ಡಿಸ್ ಕೊಸ್ಕೆಲಳಿಗೆ ಗಲ್ಲಾದ ಹಿಂದಿನಿಂದಲೇ ಕಂಡಿತು. ಮನೆಯಲ್ಲೇ ಲಾಗರ್ ಬಿಯರ್ ಮಾಡಿಕೊಳ್ಳಲು ಆನ್‌ಲೈನಿನಲ್ಲಿ ತರಿಸಿದ ಕಿಟ್. ಮಾಲ್ಟ್ ಕಾಳು, ಕಹಿಗೆ ಹಾಕುವ ಹಾಪ್ಸ್ ಹೂ, ಹುದುಗು ಬರಿಸುವ ಯೀಸ್ಟ್ ಎಲ್ಲವನ್ನೂ ತುಂಬಿ ಮನೆ ಬಾಗಿಲಿಗೆ ತಂದಿಳಿಸುವ ಪೆಟ್ಟಿಗೆ. ಇದೇ ಸಾಮಾನು ಮಾರುವ ಅವಳ ಅಂಗಡಿಯ ಕತ್ತು ಹಿಸುಕುತ್ತಿದ್ದುದೇ ಈ ಪೆಟ್ಟಿಗೆಗಳು. ಅದನ್ನು ಅವಳ ಅಂಗಡಿಗೇ ಹೊತ್ತು ತಂದ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಕರ್ಟಿಸ್ ನೀಮಿ ಎಂದು ಹೆಸರು ಹೇಳಿಕೊಂಡಿದ್ದ. ಮೊದಲ ಸಲ ಬಂದಾಗ ಕಪಾಟುಗಳ ಫೋಟೊ ತೆಗೆದ. ಆಮೇಲೆ ಬಂದಾಗ ಮಾಲ್ಟ್ ಬಾಯಿಗೆ ಹಾಕಿಕೊಂಡು ಜಗಿದ, ಹಾಪ್ಸ್ ಮೂಸಿದ, ಕಾಳು ಒಡೆಯುವ ಗಿರಣಿ ನಿಮ್ಮದೇನಾ ಎಂದು ಕೇಳಿದ. ಮಾಡು ಸೋರುತ್ತದೆಯೇ, ಇನ್ನೂ ಕೆಲವು ವರ್ಷ ದುಡಿಯುವ ಮನಸ್ಸಿದೆಯೇ ಎಂದೂ ವಿಚಾರಿಸಿದ. ಕೊಂಡದ್ದು ಮಾತ್ರ ಏನೂ ಇಲ್ಲ, ಒಂದು ಬಾಟಲಿ ಮುಚ್ಚಳ ಕೂಡ.

ಈ ಜಾತಿಯವರನ್ನು ಆರ್ಡಿಸ್ ಸಾಕಷ್ಟು ಕಂಡಿದ್ದಳು. ಡುಲುತ್ ಊರಿನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಪಳಗಿದವರೇ. ಕಲಿಯುವುದು ಇಲ್ಲಿ, ಕೊಳ್ಳುವುದು ಅಲ್ಲಿ. ಜನವರಿ ಕೊನೆಗೆ ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತಿತ್ತು. ಅದನ್ನು ಮುಂದುವರಿಸುವ ಶಕ್ತಿ ಅವಳಲ್ಲಿ ಇರಲಿಲ್ಲ. ಅಂಗಡಿ ಹೋದರೆ ಅವಳಿಗೆ ಬೇರೆ ಗತಿಯೂ ಇರಲಿಲ್ಲ. ಈ ವಯಸ್ಸಿನಲ್ಲಿ ಯಾವ ಸೂಪರ್‌ಮಾರ್ಕೆಟ್ಟಿನಲ್ಲಿ ನಿಂತು ಪರರ ಚೀಲ ತುಂಬಿಸುವುದು?

ಧೈರ್ಯದ ಮಾತು ಆಡಿದವನು ರೋಲಂಡ್ ಒಬ್ಬನೇ. ಊರಿನ ಬಿಯರ್ ಕ್ಲಬ್ಬಿನ ಹಿರಿಯ, ಅವಳ ಹಳೆಯ ಸ್ನೇಹಿತ. ಜನವರಿ ಮುಗಿಯುವವರೆಗೆ ಹೇಗಾದರೂ ತಡೆದುಕೋ ಎಂದಿದ್ದ. ಯಾಕೆಂದು ಕೇಳಿದರೆ ನಕ್ಕು ಮಾತು ತೇಲಿಸಿದ್ದ. ಸಮಾಧಾನಕ್ಕೆ ಆಡಿದ ಮಾತು ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಕರ್ಟಿಸ್ ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟ.

"ಬಿಯರ್ ಮಾಡೋದು ನನಗೆ ಒಂಚೂರೂ ಗೊತ್ತಿಲ್ಲ. ಇದರೊಳಗೆ ಹೇಗೆ ಮಾಡೋದು ಅಂತ ಒಂದು ಕಾಗದ ಇದೆ, ನಾನದನ್ನ ಓದಲ್ಲ. ನೀವು ಹೇಗೆ ಹೇಳ್ತೀರೋ ಹಾಗೇ ಮಾಡ್ತೀನಿ."

"ಪೆಟ್ಟಿಗೆ ಕಳಿಸಿದೋರನ್ನೇ ಕೇಳಬಹುದಿತ್ತಲ್ಲ?"

"ಅವರು ನಿಮ್ಮಷ್ಟು ಚೆನ್ನಾಗಿ ಹೇಳ್ತಾರಾ, ಅದನ್ನೇ ನೋಡಬೇಕು" ಎಂದು ಅವನು ನಕ್ಕ.

ಆರ್ಡಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅಭ್ಯಾಸ ಬಿಡಲಿಲ್ಲ. ಪಾತ್ರೆ ಹೇಗೆ ತೊಳೆಯಬೇಕು, ಎಷ್ಟು ಹೊತ್ತು ಕುದಿಸಬೇಕು, ಹಾಪ್ಸ್ ಯಾವಾಗ ಹಾಕಬೇಕು ಎಂದು ಒಂದೊಂದನ್ನೇ ಬಿಡಿಸಿ ಹೇಳಿದಳು. ಅವನು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತ ಕೇಳಿದ. ಕೊನೆಗೆ, ಯೀಸ್ಟ್ ಹಾಕಿದ ಮೇಲೆ ಡಬ್ಬಿಯನ್ನು ಎಲ್ಲಿಡಬೇಕು ಎಂದ.

ಲಾಗರ್‌ಗೆ ಬೇಕಾದ್ದು ತಂಪು. ಬೆಚ್ಚಗಾದರೆ ಕೆಡುತ್ತದೆ, ಪೇಂಟ್ ತೆಗೆಯುವ ಥಿನ್ನರ್‌ನ ಹಾಗೆ ನಾರುತ್ತದೆ. ನವೆಂಬರ್ ತಿಂಗಳ ಕೊರೆಯುವ ಚಳಿಯ ಡುಲುತ್‌ನಲ್ಲಿ ಯಾವ ನೆಲಮಾಳಿಗೆಯ ಮೂಲೆಯಾದರೂ ಅದಕ್ಕೆ ಹೇಳಿ ಮಾಡಿಸಿದ್ದು.

"ಹೀಟರ್ ಪಕ್ಕ ಇಡಿ" ಎಂದಳು ಆರ್ಡಿಸ್. "ಎಷ್ಟು ಬೆಚ್ಚಗಿದ್ದರೆ ಅಷ್ಟು ಒಳ್ಳೇದು. ಅಲ್ಲಿಂದ ಕದಲಿಸಬೇಡಿ."

ಅವನು ಕೈ ಕುಲುಕಿ ವಂದನೆ ಹೇಳಿದ. ತನ್ನ ಫೋನ್ ನಂಬರನ್ನೂ ಕೊಟ್ಟ. ಏನಾದರೂ ಹೇಳುವುದು ಮರೆತಿದ್ದರೆ ದಯವಿಟ್ಟು ಕರೆ ಮಾಡಿ ಎಂದ.

ಆ ದಿನವೆಲ್ಲ ಅವಳು ಹಾಯಾಗಿದ್ದಳು. ಪುಕ್ಕಟೆ ಸಲಹೆಯ ರುಚಿ ಒಬ್ಬನಾದರೂ ನೋಡಲಿ. ಎರಡು ದಿನ ಕಳೆದ ಮೇಲೆ ಮನಸ್ಸು ಸ್ವಲ್ಪ ಚುಚ್ಚಿತು. ಇಷ್ಟು ವರ್ಷಗಳಲ್ಲಿ ಅವಳು ಯಾರಿಗೂ ತಪ್ಪು ದಾರಿ ತೋರಿಸಿದವಳಲ್ಲ. ಫೋನ್ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಹಾಪ್ಸ್ ಪೊಟ್ಟಣದ ಬೆಲೆ ಕೇಳಿ, ತನ್ನ ಫೋನಿನಲ್ಲಿ ಬೇರೆ ಬೆಲೆ ನೋಡಿಕೊಂಡು, ಬರಿಗೈಯಲ್ಲಿ ಹೊರಟುಹೋದ. ಅವಳು ಫೋನನ್ನು ಕೆಳಗಿಟ್ಟಳು. ಆಮೇಲೆ ಅದರ ಯೋಚನೆಯನ್ನೇ ಬಿಟ್ಟಳು.

ಜನವರಿಯ ಕೊನೆಯ ಭಾನುವಾರ ರೋಲಂಡ್ ಬಂದ. ಬೂಟಿನ ಹಿಮ ಕೊಡವಿಕೊಳ್ಳದೆ, ಟೋಪಿಯನ್ನೂ ತೆಗೆಯದೆ ಸ್ಟೂಲಿನ ಮೇಲೆ ಕುಸಿದು ಕುಳಿತ. ಕಾಫಿ ಕೊಟ್ಟರೆ ಬೇಡವೆಂದ.

"ನಿನಗೆ ಹೇಳದೆ ಒಂದು ಕೆಲಸಕ್ಕೆ ಕೈ ಹಾಕಿದ್ದೆ ಆರ್ಡಿಸ್" ಎಂದ. "ಕ್ಲಬ್ಬಿನವರೆಲ್ಲ ಸೇರಿ ದುಡ್ಡು ಹಾಕಿ ಈ ಅಂಗಡೀನ ಕ್ಲಬ್ಬಿನ ಹೆಸರಿಗೆ ತಗೊಳ್ಳೋದು, ನಿನ್ನನ್ನೇ ಇಲ್ಲಿ ಕೂರಿಸೋದು ಅಂತ. ಜಾಗ, ಗಿರಣಿ ಎಲ್ಲಾ ನೋಡಿಸಿದ್ದೂ ಆಗಿತ್ತು."

ಆಗಿತ್ತು ಎಂದರೆ ಏನರ್ಥ ಎಂದು ಅವಳು ಕೇಳಿದಳು.

ಅರ್ಧ ಜನ ಒಪ್ಪಲಿಲ್ಲ ಎಂದ ರೋಲಂಡ್. ಸಾಮಾನು ಮನೆ ಬಾಗಿಲಿಗೇ ಬರುವಾಗ ಅಂಗಡಿ ಯಾಕೆ ಎಂಬುದು ಅವರ ವಾದ. ಅಲ್ಲಿ ಸಿಗುವುದು ಸಾಮಾನಲ್ಲ, ಆರ್ಡಿಸ್ ಎಂದು ಇವನು ಹಟ ಹಿಡಿದ. ಹಾಗಾದರೆ ತೋರಿಸು ಎಂದರು. ಬಿಯರಿನ ಗಂಧವೇ ಇಲ್ಲದ ಇಬ್ಬರು ಹೊಸಬರಿಗೆ ಒಂದೇ ತರಹದ ಪೆಟ್ಟಿಗೆ ಕೊಟ್ಟರು. ಒಬ್ಬ ಪೆಟ್ಟಿಗೆಯೊಳಗಿನ ಕಾಗದ ಓದಿಕೊಂಡು ಮಾಡಬೇಕು, ಇನ್ನೊಬ್ಬ ಪರೀಕ್ಷೆಯ ವಿಷಯ ಹೇಳದೆ ಆರ್ಡಿಸ್‌ಳನ್ನು ಕೇಳಿ ಮಾಡಬೇಕು. ನಿನ್ನೆಯ ಸಭೆಯಲ್ಲಿ ಎರಡನ್ನೂ ಕುಡಿದು ನೋಡಿ ಮತ ಹಾಕಿದರು, ಗೆದ್ದದ್ದು ಕಾಗದ.

ಆರ್ಡಿಸ್ ಗಲ್ಲಾದ ಅಂಚು ಹಿಡಿದು ನಿಂತಿದ್ದಳು. ರೋಲಂಡ್ ಅವಳ ಮುಖ ನೋಡಲಿಲ್ಲ.

"ಹೀಟರ್ ಪಕ್ಕ ಇಡು ಅಂತ ನೀನೇ ಹೇಳ್ದೆ ಅಂತಾನೆ ಆ ಕರ್ಟಿಸ್, ಕಳ್ಳ. ಆರ್ಡಿಸ್ ಅಂಥ ಹೆಂಗಸಲ್ಲ ಅಂತ ನಾನೊಬ್ಬ ಕೊನೇವರೆಗೂ ಜಗಳ ಆಡಿದೆ."