ಕಂಪನಿ ಟಿಕೇಟು

ಬೀದರ ವಿಮಾನ ನಿಲ್ದಾಣದ ತಪಾಸಣೆಯವರು ಕೌಸಲ್ಯಾಬಾಯಿಯ ಕೈಚೀಲದಿಂದ ಹೊರತೆಗೆದದ್ದು ಕಬ್ಬು ಕಡಿಯುವ ಕುಡುಗೋಲು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿತ್ತು. ಹೊಸದಾಗಿ ಮಸೆದ ಅಲಗು ಹೊಳೆಯುತ್ತಿತ್ತು. ಮಗ ಮಚ್ಛೇಂದ್ರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇದ್ಯಾಕ ತಂದಿ ಅವ್ವಾ? ಬೆಂಗಳೂರಿಗಿ ಮೊಮ್ಮಗನ ಜಾವಳಕ್ಕ ಹೊಂಟೀವಿ."

"ಕಂಪನಿ ಟಿಕೇಟು ಅಂದಿದ್ದಿಲ್ಲೇನು?" ಅವಳು ಮೆಲ್ಲಗೆ ಕೇಳಿದಳು. "ಕರಕೊಂಡು ಹೋದವ್ರು ಕೆಲಸಾ ಮಾಡಿಸದೆ ಬಿಡ್ತಾರಾ?"

ತನ್ನ ಔಷಧಿ ಕಂಪನಿ ವಿಮಾನದವರ ಜೊತೆ ಮಾತಾಡಿ ನೌಕರರಿಗೆ ಕೊಡಿಸಿದ ರಿಯಾಯಿತಿ ಸ್ವಂತ ಪ್ರಯಾಣಕ್ಕೂ ನಡೆಯುತ್ತದೆ ಎಂದು ಅವನು ಹೆಮ್ಮೆಯಿಂದ ಹೇಳಿದ್ದ. ಈಗ ಅವನಿಗೆ ಕೂಲಿ ಗುತ್ತಿಗೆಯ ಮುಕಾದಮನ ಲಾರಿ ನೆನಪಾಯಿತು. ಬರ ಬಿದ್ದ ವರ್ಷಗಳಲ್ಲಿ ಅದು ತಮ್ಮೂರು ಭಾತಂಬ್ರಾದ ಕೂಲಿಯವರನ್ನು ಕಬ್ಬು ಕಡಿಯಲು ಪುಕ್ಕಟೆ ಹೊತ್ತೊಯ್ಯುತ್ತಿತ್ತು. ಹತ್ತಿದವರು ಹಂಗಾಮು ಮುಗಿಯುವತನಕ ಊರ ಮುಖ ನೋಡುವಂತಿರಲಿಲ್ಲ. ಅವ್ವನ ತೊಡೆಯ ಮೇಲೆ ಮಲಗಿ ಅವನೂ ಆ ಲಾರಿಯಲ್ಲಿ ಹೋಗಿದ್ದ.

"ಕೆಲಸಾ ಏನೂ ಇಲ್ಲವ್ವಾ. ಎರಡು ದಿನಾ ಇದ್ದು ಬರೋದು, ಅಷ್ಟೇ."

ಕೌಸಲ್ಯಾಬಾಯಿ ಕುಡುಗೋಲನ್ನು ತಾನೇ ತಪಾಸಣೆಯವನ ಮುಂದೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಯಾರಿಗೂ ಕೇಳಬಾರದೆಂಬಂತೆ ಮಗನ ಕಿವಿಯ ಹತ್ತಿರ ಬಾಗಿದಳು.

"ಹಂಗಾದ್ರ, ನಮ್ಮ ಮನಸಿಗಿ ಬಂದಾಗ ವಾಪಸ್ ಬರಬಹುದೇನೋ?"