ಮೊದಲ ಕಾಯಿ

"ಅವನನ್ನೇ ಮದುವೆಯಾಗು, ನಾನು ಅಡ್ಡ ಬರಲ್ಲ. ಆದ್ರೆ ಮೊದಲು ಈ ಗಿಡ ಕಾಯಿ ಬಿಡ್ಲಿ," ಎಂದು ಅಪ್ಪ ಅಂಗಳದಲ್ಲಿ ಹೇಜಲ್‌ನಟ್ ಸಸಿ ನೆಟ್ಟಿದ್ದರು. ನಾಲ್ಕು ವರ್ಷಕ್ಕೆ ಕಾಯಿ ಬಿಡುವ ಗಿಡ ತಾನೇ ಎಂದುಕೊಂಡು ಅವಳು ಒಪ್ಪಿದ್ದಳು.

ಇದು ಎಂಟನೆಯ ವರ್ಷ. ಬುಡದಲ್ಲಿ ಏಳುವ ಚಿಗುರುಗಳನ್ನು ಅವಳು ಬಿಡದೆ ಕತ್ತರಿಸಿದಳು, ಬೇರಿಗೆ ತರಗೆಲೆ ಹೊದಿಸಿದಳು, ಒಂದೊಂದೇ ಎಲೆ ಮಗುಚಿ ಹುಳು ಆರಿಸಿದಳು. ಚಳಿಗಾಲಕ್ಕೆ ಹೂವೇನೋ ಜೋತುಬೀಳುತ್ತಿತ್ತು. ಕಾಯಿ ಮಾತ್ರ ಒಂದೂ ಇಲ್ಲ.

"ನಿನ್ನ ಆರೈಕೆ ಸಾಲ್ದು ಮಗಳೇ," ಎನ್ನುತ್ತಿದ್ದರು ಅಪ್ಪ, ಪ್ರತಿ ವರ್ಷವೂ.

ಅಪ್ಪ ಊರಲ್ಲಿಲ್ಲದ ದಿನ, ಸಸಿ ಮಾರಿದ್ದ ನರ್ಸರಿಯ ಮುದುಕನನ್ನು ಅವಳು ಕರೆತಂದಳು. ಅವನು ಗಿಡದ ಸುತ್ತ ಒಂದು ಸುತ್ತು ಬಂದ.

"ರೋಗ ಏನೂ ಇಲ್ಲಮ್ಮ, ಮಗು ಥರ ಸಾಕಿದ್ದೀಯ. ಆದ್ರೆ ಪಕ್ಕದಲ್ಲಿ ಬೇರೆ ತಳಿದು ಇನ್ನೊಂದು ಗಿಡ ಇರ್ಬೇಕು. ಒಂಟಿ ಗಿಡ ಎಷ್ಟು ವರ್ಷ ಆದ್ರೂ ಕಾಯಿ ಕಟ್ಟಲ್ಲ."

"ಅಯ್ಯೋ ತಾತ, ಪಾಪ, ಅಪ್ಪನಿಗೆ ಇದು ಗೊತ್ತೇ ಇಲ್ಲ!"

"ಯಾಕಮ್ಮ ಗೊತ್ತಿಲ್ಲ? ಹೇಳಿಯೇ ಜೋಡಿ ಸಸಿ ಕೊಟ್ಟಿದ್ದೆ. ಮಾರನೇ ದಿನ ಬಂದು ಒಂದನ್ನ ವಾಪಸ್ ಕೊಟ್ಟು ಹೋದ್ರು."